ಒಂದು ವಾರ, ಒಂದು ಗಂಟೆ, ನಾಲ್ಕು ವಾರ: ಕಾರ್ಮಿಕ ಬಲವನ್ನು ಎಣಿಸುವುದು ಹೇಗೆ?

"ಕಳೆದ ವಾರ ನೀವು ಒಂದು ಗಂಟೆಯಾದರೂ ಸಂಬಳಕ್ಕೋ ಲಾಭಕ್ಕೋ ಕೆಲಸ ಮಾಡಿದ್ರಾ?"

ಸುದ್ದಿಯಲ್ಲಿ ಆಗಾಗ ಬರುವ ನಿರುದ್ಯೋಗದ ಅಂಕಿ ಹುಟ್ಟುವುದು ಹೆಚ್ಚುಕಡಿಮೆ ಈ ಪ್ರಶ್ನೆಯಿಂದಲೇ. ಪದಗಳು ದೇಶದಿಂದ ದೇಶಕ್ಕೆ ಸ್ವಲ್ಪ ಬದಲಾಗುತ್ತವೆ, ತಿರುಳು ಮಾತ್ರ ಒಂದೇ. ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದು ಅಥವಾ ಫೋನ್ ಮಾಡಿ ಇದನ್ನು ಕೇಳುತ್ತಾರೆ, ಮನೆಯಲ್ಲಿರುವ ದೊಡ್ಡವರ ಬಗ್ಗೆ ಒಬ್ಬೊಬ್ಬರಾಗಿ ಕೇಳುತ್ತಾರೆ, ಉತ್ತರ ನೋಡಿಕೊಂಡು ಪ್ರತಿಯೊಬ್ಬರನ್ನೂ ಮೂರು ಗುಂಪುಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಕೆಲಸದಲ್ಲಿ ಇರುವವರು, ನಿರುದ್ಯೋಗಿಗಳು, ಇವೆರಡೂ ಅಲ್ಲದವರು. ಮೊದಲ ಎರಡು ಗುಂಪು ಕೂಡಿಸಿದರೆ ಸಿಗುವುದೇ ಕಾರ್ಮಿಕ ಬಲ. ಮೂರನೆಯ ಗುಂಪು ಅದರ ಹೊರಗೆ.

ಕೇಳುವುದಕ್ಕೆ ಸುಲಭ. ಆದರೆ ಯಾರು ಯಾವ ಗುಂಪಿಗೆ ಹೋಗುತ್ತಾರೆ ಅನ್ನುವುದರಲ್ಲೇ ಎಲ್ಲ ಇದೆ. ಒಂದು ಮನೆಯನ್ನೇ ತೆಗೆದುಕೊಂಡು ನೋಡೋಣ.

ಈ ಮನೆಯಲ್ಲಿ ಐದು ಜನ. ಅಪ್ಪನಿಗೆ 66, ನಿವೃತ್ತರಾಗಿದ್ದಾರೆ. ಅಮ್ಮ ಮನೆ ನೋಡಿಕೊಳ್ಳುತ್ತಾರೆ, ಬೆಳಗ್ಗೆ ಎದ್ದರೆ ರಾತ್ರಿವರೆಗೂ ಕೈಗೆ ಬಿಡುವಿಲ್ಲ. ಮಗನ ಕೆಲಸ ಹೋಗಿ ಎಂಟು ತಿಂಗಳಾಯಿತು. ಮೊದಲ ಆರು ತಿಂಗಳು ಅರ್ಜಿ ಹಾಕಿದ, ಗೊತ್ತಿದ್ದವರನ್ನೆಲ್ಲ ಕೇಳಿದ, ಎಲ್ಲೂ ಆಗಲಿಲ್ಲ. ಈಗ ಎರಡು ತಿಂಗಳಿಂದ ಫೋನಿನಲ್ಲಿ ಕೆಲಸದ ಜಾಹೀರಾತು ನೋಡುತ್ತಾನೆ ಅಷ್ಟೆ. ಸೊಸೆ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ, ಆದರೆ ಸದ್ಯ ಹೆರಿಗೆ ರಜೆ, ಹಾಗಾಗಿ ಕಳೆದ ವಾರ ಒಂದು ನಿಮಿಷವೂ ಆಫೀಸಿನ ಕೆಲಸ ಮಾಡಿಲ್ಲ. ಕೊನೆಯ ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಶನಿವಾರ ಎರಡು ಗಂಟೆ ಚಿಕ್ಕ ಮಕ್ಕಳಿಗೆ ದುಡ್ಡಿಗೆ ಪಾಠ ಹೇಳಿಕೊಟ್ಟಳು.

ಈ ಐವರಲ್ಲಿ ಕೆಲಸದಲ್ಲಿ ಇರುವವರು ಯಾರು? ಸೊಸೆ ಮತ್ತು ಕಾಲೇಜು ಹುಡುಗಿ. ಸೊಸೆ ಕಳೆದ ವಾರ ಕೆಲಸ ಮಾಡಿಲ್ಲ ನಿಜ, ಆದರೆ ಕೆಲಸ ಅವಳದೇ ಆಗಿ ಕಾಯುತ್ತಿದೆ. ತಾತ್ಕಾಲಿಕವಾಗಿ ರಜೆಯಲ್ಲಿ ಇರುವವರು ಕೆಲಸದಲ್ಲಿ ಇರುವವರೇ. ಹುಡುಗಿ ಎರಡು ಗಂಟೆ ದುಡಿದಿದ್ದಾಳೆ, ಬೇಕಾದ್ದು ಒಂದು ಗಂಟೆ. ಅವಳು ವಿದ್ಯಾರ್ಥಿನಿಯೂ ಹೌದು, ಆದರೆ ಲೆಕ್ಕದಲ್ಲಿ ದುಡಿಮೆಗೆ ಮೊದಲ ಸ್ಥಾನ. ಅಪ್ಪ ಹೊರಗೆ, ಅಮ್ಮ ಹೊರಗೆ.

ಮಗ? ಅವನೂ ಹೊರಗೆ. ನಿರುದ್ಯೋಗಿ ಅಲ್ಲ!

ಅಂದರೆ ಈ ಮನೆಯಲ್ಲಿ ಕಾರ್ಮಿಕ ಬಲ ಎರಡು, ಇಬ್ಬರೂ ಕೆಲಸದಲ್ಲಿ ಇದ್ದಾರೆ, ನಿರುದ್ಯೋಗ ಸೊನ್ನೆ. ಎಂಟು ತಿಂಗಳಿಂದ ಕೆಲಸವಿಲ್ಲದ ಮಗ ಮನೆಯಲ್ಲೇ ಕೂತಿದ್ದಾನೆ, ಆದರೂ ಸೊನ್ನೆ. ಇದನ್ನು ಮೊದಲ ಸಲ ಓದಿದಾಗ ನನಗೆ ಇದು ಮೋಸ ಅಂತಲೇ ಅನಿಸಿತ್ತು. ಮೋಸ ಅಲ್ಲ. ಒಂದು ನಿರ್ದಿಷ್ಟ ಪ್ರಶ್ನೆಗೆ ಸಿಕ್ಕಿದ ನಿರ್ದಿಷ್ಟ ಉತ್ತರ ಇದು. ನಾವು ತಪ್ಪು ಮಾಡುವುದು ಆ ಉತ್ತರವನ್ನು ಬೇರೆ ಯಾವುದೋ ಪ್ರಶ್ನೆಗೆ ಹೊಂದಿಸಿ ಓದುವಾಗ. ನಿರುದ್ಯೋಗಿ ಅಂದರೆ ಕೆಲಸ ಇಲ್ಲದವನು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಲೆಕ್ಕದಲ್ಲಿ ಹಾಗಲ್ಲ. ಅಲ್ಲಿ ಮೂರು ಷರತ್ತು ಇವೆ, ಮೂರೂ ಒಟ್ಟಿಗೆ ಇರಬೇಕು: ಕೆಲಸ ಇರಬಾರದು, ಸಿಕ್ಕರೆ ಈಗಲೇ ಸೇರಿಕೊಳ್ಳಲು ತಯಾರಿರಬೇಕು, ಇತ್ತೀಚೆಗೆ ಕೆಲಸ ಹುಡುಕಿರಬೇಕು. ಇತ್ತೀಚೆಗೆ ಅಂದರೆ ಸಾಮಾನ್ಯವಾಗಿ ಕಳೆದ ನಾಲ್ಕು ವಾರದಲ್ಲಿ.

ಹುಡುಕುವುದು ಅನ್ನುವುದಕ್ಕೂ ಅರ್ಥ ಕಟ್ಟಿಟ್ಟಿದ್ದಾರೆ. ಅರ್ಜಿ ಹಾಕುವುದು, ಕೆಲಸ ಕೊಡುವವರನ್ನು ನೇರವಾಗಿ ಕೇಳುವುದು, ಉದ್ಯೋಗ ಕಚೇರಿಗೆ ಹೋಗುವುದು, ಪರಿಚಯದವರ ಹತ್ತಿರ ಕೆಲಸ ಇದ್ದರೆ ಹೇಳಿ ಅನ್ನುವುದು, ಇವೆಲ್ಲ ನಡೆಯುತ್ತವೆ. ಸುಮ್ನೆ ಜಾಹೀರಾತು ಓದುವುದು ಅಮೆರಿಕದ ಸಮೀಕ್ಷೆಯಲ್ಲಿ ನಡೆಯುವುದಿಲ್ಲ, ಯಾಕೆಂದರೆ ಓದಿದ ಮಾತ್ರಕ್ಕೆ ಯಾರೂ ಕೆಲಸ ಕೊಡುವುದಿಲ್ಲ. ನಮ್ಮ ಮನೆಯ ಮಗ ಹೊರಗೆ ಬಿದ್ದದ್ದು ಹೀಗೆ. ಅವನು ಕಳೆದ ವಾರ ಒಂದೇ ಒಂದು ಅರ್ಜಿ ಕಳಿಸಿದ್ದರೆ ನಿರುದ್ಯೋಗಿ ಆಗುತ್ತಿದ್ದ.

ಇಷ್ಟು ಬಿಗಿಯಾದ ನಿಯಮ ಯಾಕೆ ಬೇಕಾಯಿತು ಅನ್ನುವುದಕ್ಕೆ ಒಂದು ಚರಿತ್ರೆ ಇದೆ. ಹಿಂದೆ ಅಮೆರಿಕದ ಜನಗಣತಿಯಲ್ಲಿ ಕೇಳುತ್ತಿದ್ದದ್ದು "ನಿಮ್ಮ ಕಸುಬು ಏನು" ಅಂತ. ಬಡಗಿ ಅಂದರೆ ಬಡಗಿ ಅಂತ ಬರೆದುಕೊಂಡು ದುಡಿಯುವವರ ಪಟ್ಟಿಗೆ ಸೇರಿಸುತ್ತಿದ್ದರು. ಅವನಿಗೆ ಎರಡು ವರ್ಷದಿಂದ ಕೆಲಸವೇ ಸಿಕ್ಕಿಲ್ಲದಿದ್ದರೂ ಅವನು ಬಡಗಿಯೇ. ಆಗತಾನೆ ಶಾಲೆ ಮುಗಿಸಿ ಮೊದಲ ಕೆಲಸಕ್ಕೆ ಅಲೆಯುತ್ತಿರುವ ಹುಡುಗನಿಗೆ ಕಸುಬೇ ಇಲ್ಲ, ಹಾಗಾಗಿ ಅವನು ಪಟ್ಟಿಯಲ್ಲೇ ಇಲ್ಲ. ಒಳ್ಳೆಯ ಕಾಲದಲ್ಲಿ ಇದು ಹೇಗೋ ನಡೆಯಿತು. 1930ರ ದಶಕದ ಮಹಾ ಆರ್ಥಿಕ ಕುಸಿತ ಬಂದಾಗ, ದೇಶದಲ್ಲಿ ಎಷ್ಟು ಜನಕ್ಕೆ ಕೆಲಸ ಇಲ್ಲ ಅನ್ನುವುದು ಸರ್ಕಾರಕ್ಕೇ ಗೊತ್ತಿರಲಿಲ್ಲ. ಒಬ್ಬೊಬ್ಬರು ಒಂದೊಂದು ಅಂದಾಜು ಹೇಳುತ್ತಿದ್ದರು, ಒಂದಕ್ಕೂ ಇನ್ನೊಂದಕ್ಕೂ ಲಕ್ಷಗಟ್ಟಲೆ ವ್ಯತ್ಯಾಸ.

1937ರ ನವೆಂಬರ್‌ನಲ್ಲಿ ಅಲ್ಲಿ ಒಂದು ದೊಡ್ಡ ಪ್ರಯತ್ನ ನಡೆಯಿತು. ಪೋಸ್ಟ್‌ಮ್ಯಾನ್‌ಗಳು ಮನೆಮನೆಗೆ ಕಾರ್ಡು ಹಂಚಿದರು, ಕೆಲಸ ಇಲ್ಲದವರು ತಾವಾಗಿಯೇ ತುಂಬಿ ವಾಪಸ್ ಕಳಿಸಬೇಕಿತ್ತು. ಸುಮಾರು 78 ಲಕ್ಷ ಜನ ಕಳಿಸಿದರು. ಅದರ ಜೊತೆಗೇ, ಈ ಲೆಕ್ಕ ಸರಿ ಇದೆಯಾ ಅಂತ ಪರೀಕ್ಷಿಸಲು, ಯಾದೃಚ್ಛಿಕವಾಗಿ ಆರಿಸಿದ ಕೆಲವು ಅಂಚೆ ಮಾರ್ಗಗಳಲ್ಲಿ ಮಾತ್ರ ಪ್ರತಿ ಮನೆಗೂ ಹೋಗಿ ಕೇಳಿದರು. ಆ ಸಣ್ಣ ಪರೀಕ್ಷೆಯಿಂದ ಬಂದ ಅಂದಾಜು ಸುಮಾರು 1.1 ಕೋಟಿ. ಅಂದರೆ ಇಡೀ ದೇಶಕ್ಕೆ ಕಾರ್ಡು ಹಂಚಿದ್ದರಲ್ಲಿ ಹತ್ತಿರ ಹತ್ತಿರ ಮೂವತ್ತು ಲಕ್ಷ ಜನ ಬಿಟ್ಟುಹೋಗಿದ್ದರು, ಕೆಲವೇ ಮನೆಗಳನ್ನು ಸರಿಯಾಗಿ ಆರಿಸಿ ಕೇಳಿದ್ದು ಅದಕ್ಕಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡಿತ್ತು. ಈ ಇಡೀ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಘಟನೆ ಇದು. ಎಲ್ಲರನ್ನೂ ಕೇಳುವುದಕ್ಕಿಂತ, ಆರಿಸಿದವರನ್ನು ಸರಿಯಾಗಿ ಕೇಳುವುದು ಮುಖ್ಯ ಅಂತ ಕಣ್ಣಿಗೆ ಕಾಣುವ ಹಾಗೆ ತೋರಿಸಿಕೊಟ್ಟಿತು.

1940ರಲ್ಲಿ ತಿಂಗಳ ಸಮೀಕ್ಷೆ ಶುರುವಾಯಿತು. ಕಸುಬು ಏನು ಅನ್ನುವ ಪ್ರಶ್ನೆ ಹಿಂದೆ ಸರಿಯಿತು. ನೀವು ಯಾರು ಅಂತ ಕೇಳುವ ಬದಲು, ಆ ಒಂದು ವಾರ ನೀವು ಏನು ಮಾಡಿದಿರಿ ಅಂತ ಕೇಳತೊಡಗಿದರು. ಈ ಬದಲಾವಣೆ ದೊಡ್ಡದು. ಮನಸ್ಸಿನಲ್ಲಿ ಏನಿದೆ ಅಂತ ಕೇಳಿದರೆ ಉತ್ತರ ದಿನಕ್ಕೊಂದು. ಏನು ಮಾಡಿದಿರಿ ಅಂತ ಕೇಳಿದರೆ ಉತ್ತರಕ್ಕೆ ಒಂದು ಗಟ್ಟಿ ನೆಲ ಇರುತ್ತದೆ. ಮುಂದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, ನಡೆಸುವ ಅಂಕಿಅಂಶ ತಜ್ಞರ ಸಮ್ಮೇಳನಗಳಲ್ಲಿ ಇದೇ ವಿಚಾರ ಇಡೀ ಜಗತ್ತಿನ ನಿಯಮವಾಯಿತು. 1954ರಲ್ಲಿ ಒಂದು ನಿರ್ಣಯ, 1982ರಲ್ಲಿ ಇನ್ನಷ್ಟು ವಿವರವಾದದ್ದು, 2013ರಲ್ಲಿ ಮತ್ತೊಂದು. ಕೊನೆಯದು ತುಂಬ ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಗಂಟೆಯ ನಿಯಮದ ಬಗ್ಗೆ ಜನಕ್ಕೆ ಸಿಟ್ಟು ಜಾಸ್ತಿ. ವಾರಕ್ಕೆ ಒಂದು ಗಂಟೆ ದುಡಿದವನನ್ನು ಕೆಲಸದಲ್ಲಿ ಇದ್ದಾನೆ ಅನ್ನುವುದು ಯಾವ ನ್ಯಾಯ ಅಂತ. ನಾನು ಈ ನಿಯಮದ ಪರ. ಕಾರಣ ಹೇಳುತ್ತೇನೆ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಹತ್ತು ಗಂಟೆ ಅಂತ ಎಳೆದರೆ ಒಂಬತ್ತು ಗಂಟೆ ದುಡಿದವನ ದುಡಿಮೆ ಎಲ್ಲಿ ಹೋಯಿತು? ಅವನು ಮಾಡಿದ್ದು ದೇಶದ ಉತ್ಪಾದನೆಯ ಲೆಕ್ಕದಲ್ಲಿ ಸೇರಿರುತ್ತದೆ, ಮಾಡಿದವನು ಮಾತ್ರ ದುಡಿಯುವವರ ಲೆಕ್ಕದಲ್ಲಿ ಇರುವುದಿಲ್ಲ. ಎರಡು ಲೆಕ್ಕ ತಾಳೆ ಆಗಬೇಕಾದರೆ ಎಷ್ಟೇ ಚಿಕ್ಕ ದುಡಿಮೆಯನ್ನೂ ಹಿಡಿಯಬೇಕು. ಇನ್ನೊಂದು ಕಾರಣ, ನಿರುದ್ಯೋಗ ಅನ್ನುವುದು ಕೆಲಸ ಪೂರ್ತಿ ಇಲ್ಲದ ಸ್ಥಿತಿಗೆ ಇಟ್ಟ ಹೆಸರು. ಅರ್ಧಂಬರ್ಧ ಕೆಲಸ ಇರುವುದು ಬೇರೆಯೇ ಕಷ್ಟ, ಅದನ್ನು ಬೇರೆಯಾಗಿಯೇ ಅಳೆಯಬೇಕು, ಅಳೆಯುತ್ತಾರೆ ಕೂಡ. ಇನ್ನೂ ಜಾಸ್ತಿ ಗಂಟೆ ದುಡಿಯುವ ಮನಸ್ಸಿದೆ, ತಯಾರೂ ಇದ್ದಾರೆ, ಆದರೆ ಸಿಗುತ್ತಿಲ್ಲ ಅನ್ನುವವರನ್ನು ಸಮಯದ ಕೊರತೆಯ ಅರೆ ಉದ್ಯೋಗಿಗಳು ಅಂತ ಎಣಿಸುತ್ತಾರೆ. ತೊಂದರೆ ಇರುವುದು ಒಂದು ಗಂಟೆಯಲ್ಲಿ ಅಲ್ಲ, ಈ ಎರಡನೆಯ ಅಂಕಿ ತಲೆಬರಹಕ್ಕೆ ಬಾರದೆ ಇರುವುದರಲ್ಲಿ.

ಕಳೆದ ನಾಲ್ಕು ವಾರದೊಳಗೆ ಹುಡುಕಿರಬೇಕು ಅನ್ನುವ ನಿಯಮದ ಬಗ್ಗೆ ಮಾತ್ರ ನನಗೆ ಅಷ್ಟು ಸಮಾಧಾನ ಇಲ್ಲ. ಉದ್ಯೋಗ ಕಚೇರಿ, ಜಾಹೀರಾತು, ಅರ್ಜಿ ಎಲ್ಲ ಇರುವ ಪೇಟೆಯಲ್ಲಿ ಹುಡುಕಾಟ ಅನ್ನುವ ಮಾತಿಗೆ ಅರ್ಥ ಇದೆ. ಕೆಲಸ ಬಾಯಿಂದ ಬಾಯಿಗೆ ತಿಳಿಯುವ ಕಡೆ, ಯಾರ ಹತ್ತಿರ ಕೆಲಸ ಇದೆ ಯಾರ ಹತ್ತಿರ ಇಲ್ಲ ಅಂತ ಇಡೀ ಊರಿಗೇ ಗೊತ್ತಿರುವ ಕಡೆ, ಇಲ್ಲದ ಕೆಲಸವನ್ನು ಹುಡುಕುವುದು ಅಂದರೆ ಏನು? 1982ರ ನಿರ್ಣಯವೂ ಇದನ್ನು ಒಪ್ಪಿಕೊಂಡು, ಅಂಥ ಕಡೆ ಹುಡುಕಾಟದ ಷರತ್ತನ್ನು ಸಡಿಲಿಸಬಹುದು ಅಂತ ಹೇಳಿತ್ತು.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಭಾಗಾಕಾರ ಬಂದರೆ ಸಾಕು.

100 ಜನ ದೊಡ್ಡವರು ಇದ್ದಾರೆ ಅಂದುಕೊಳ್ಳಿ. 54 ಜನ ಕೆಲಸದಲ್ಲಿ ಇದ್ದಾರೆ. 6 ಜನ ಹುಡುಕುತ್ತಿದ್ದಾರೆ. ಉಳಿದ 40 ಜನ ಹೊರಗೆ. ಕಾರ್ಮಿಕ ಬಲ 60. ದೊಡ್ಡವರಲ್ಲಿ ಎಷ್ಟು ಪಾಲು ಕಾರ್ಮಿಕ ಬಲದಲ್ಲಿ ಇದ್ದಾರೆ ಅನ್ನುವುದಕ್ಕೆ ಭಾಗವಹಿಸುವಿಕೆ ದರ ಅನ್ನುತ್ತಾರೆ, ಇಲ್ಲಿ ಅದು ಶೇ 60. ನಿರುದ್ಯೋಗ ದರ ತೆಗೆಯುವಾಗ ಭಾಗಿಸುವುದು ನೂರರಿಂದ ಅಲ್ಲ, ಅರವತ್ತರಿಂದ. ಆರನ್ನು ಅರವತ್ತರಿಂದ ಭಾಗಿಸಿದರೆ ಶೇ 10.

ಮುಂದಿನ ತಿಂಗಳು ಒಂದೇ ಒಂದು ಹೊಸ ಕೆಲಸವೂ ಹುಟ್ಟಲಿಲ್ಲ. ಹುಡುಕುತ್ತಿದ್ದ ಆರು ಜನರಲ್ಲಿ ಮೂವರು ಸೋತು ಕೈಬಿಟ್ಟರು. ಕಾರ್ಮಿಕ ಬಲ 57 ಆಯಿತು, ನಿರುದ್ಯೋಗಿಗಳು 3. ದರ ಶೇ 5.3. ನಿರುದ್ಯೋಗ ಅರ್ಧಕ್ಕೆ ಇಳಿಯಿತು ಅಂತ ಸುದ್ದಿ ಬರುತ್ತದೆ, ಕೆಲಸ ಮಾಡುವವರು ಮಾತ್ರ ಮೊದಲಿನಷ್ಟೇ, 54.

ಉಲ್ಟಾ ಕೂಡ ಆಗುತ್ತದೆ. ಮೊದಲಿನ ಸ್ಥಿತಿಗೆ ವಾಪಸ್ ಹೋಗೋಣ. ಕೆಲಸಕ್ಕೆ ಜನ ಬೇಕಂತೆ ಅನ್ನುವ ಸುದ್ದಿ ಹಬ್ಬಿತು. ಹೊರಗಿದ್ದ 40 ಜನರಲ್ಲಿ ಐವರಿಗೆ ಆಸೆ ಹುಟ್ಟಿ ಹುಡುಕಲು ಹೊರಟರು. ಇಬ್ಬರಿಗೆ ಸಿಕ್ಕಿತು, ಮೂವರಿಗೆ ಇನ್ನೂ ಇಲ್ಲ. ಈಗ ಕೆಲಸದಲ್ಲಿ 56, ನಿರುದ್ಯೋಗಿಗಳು 9, ಕಾರ್ಮಿಕ ಬಲ 65. ದರ ಶೇ 13.8. ಇಬ್ಬರಿಗೆ ಜಾಸ್ತಿ ಕೆಲಸ ಸಿಕ್ಕಿದೆ, ಜನರಲ್ಲಿ ಭರವಸೆ ಬಂದಿದೆ, ದರ ಮಾತ್ರ ಏರಿದೆ.

ಇದಕ್ಕೇ ನಿರುದ್ಯೋಗ ದರವನ್ನು ಒಂಟಿಯಾಗಿ ಓದಬಾರದು ಅನ್ನುವುದು. ಅದರ ಪಕ್ಕದಲ್ಲಿ ಭಾಗವಹಿಸುವಿಕೆ ದರ ಇರಬೇಕು, ಸಾಧ್ಯವಾದರೆ ಇನ್ನೊಂದೂ ಇರಬೇಕು: ಒಟ್ಟು ದೊಡ್ಡವರಲ್ಲಿ ಎಷ್ಟು ಜನ ಕೆಲಸದಲ್ಲಿ ಇದ್ದಾರೆ ಅನ್ನುವ ಪಾಲು. ಈ ಮೂರನೆಯದನ್ನು ಹುಡುಕುವವರ ಮನಸ್ಥಿತಿ ಅಲ್ಲಾಡಿಸುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಅದು ಮೊದಲು 54, ಜನ ಸೋತಾಗಲೂ 54, ಆಸೆ ಬಂದಾಗ 56. ನಡೆದದ್ದನ್ನು ನಡೆದ ಹಾಗೇ ಹೇಳಿತು.

ಭಾಗವಹಿಸುವಿಕೆ ದರ ಇಳಿದರೆ ಅದೂ ಯಾವಾಗಲೂ ಕೆಟ್ಟ ಸುದ್ದಿ ಏನಲ್ಲ. ಹುಡುಗರು ಜಾಸ್ತಿ ವರ್ಷ ಓದಿದರೆ ಇಳಿಯುತ್ತದೆ. ವಯಸ್ಸಾದವರ ಸಂಖ್ಯೆ ಹೆಚ್ಚಿದರೂ ಇಳಿಯುತ್ತದೆ, ಯಾಕೆಂದರೆ ಬಹಳಷ್ಟು ದೇಶಗಳ ಲೆಕ್ಕದಲ್ಲಿ ಕೆಳಗಿನ ವಯಸ್ಸಿನ ಮಿತಿ ಇದೆ, 15 ಅಥವಾ 16, ಮೇಲಿನ ಮಿತಿ ಇಲ್ಲ. ತೊಂಬತ್ತು ವರ್ಷದವರೂ ಛೇದದಲ್ಲಿ ಇರುತ್ತಾರೆ. ಅಮೆರಿಕದಲ್ಲಿ ಈ ದರ 2000ದ ಆರಂಭದಲ್ಲಿ ಶೇ 67.3ರ ತುದಿ ಮುಟ್ಟಿ ಆಮೇಲೆ ಇಳಿಯುತ್ತಾ ಬಂತು, ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಜನ ವಯಸ್ಸಾದದ್ದು. ಹಾಗಾಗಿ 25ರಿಂದ 54 ವಯಸ್ಸಿನವರ ದರವನ್ನು ಬೇರೆ ಮಾಡಿ ನೋಡುವ ರೂಢಿ ಇದೆ. ಅಲ್ಲಿ ಓದು, ನಿವೃತ್ತಿ ಎರಡರ ಪ್ರಭಾವವೂ ಕಡಿಮೆ.

ನಮ್ಮ ಮನೆಯ ಮಗನ ಹಾಗೆ ಸೋತು ಹುಡುಕಾಟ ಬಿಟ್ಟವರನ್ನು ಲೆಕ್ಕ ಪೂರ್ತಿ ಮರೆಯುವುದಿಲ್ಲ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಒಂದಲ್ಲ, ಆರು ದರ ಪ್ರಕಟಿಸುತ್ತದೆ, ಯು-1ರಿಂದ ಯು-6ರವರೆಗೆ. ಸುದ್ದಿಯಲ್ಲಿ ಬರುವುದು ಯು-3. ಕೆಲಸ ಬೇಕು, ಸಿಕ್ಕರೆ ಸೇರುತ್ತೇನೆ, ಕಳೆದ ಒಂದು ವರ್ಷದಲ್ಲಿ ಹುಡುಕಿದ್ದೇನೆ, ಆದರೆ ಸಿಗುವುದಿಲ್ಲ ಅನಿಸಿ ಕಳೆದ ನಾಲ್ಕು ವಾರ ಹುಡುಕಿಲ್ಲ ಅನ್ನುವವರು ಯು-4ರಲ್ಲಿ ಸೇರುತ್ತಾರೆ. ಯು-6ಕ್ಕೆ ಬರುವ ಹೊತ್ತಿಗೆ ಪೂರ್ಣಾವಧಿ ಕೆಲಸ ಸಿಗದೆ ಅರೆಕಾಲಿಕ ಕೆಲಸದಲ್ಲಿ ಇರುವವರೂ ಒಳಗೆ ಬಂದಿರುತ್ತಾರೆ. ಐಎಲ್‌ಒ ಕೂಡ 2013ರಲ್ಲಿ ಇಂಥದ್ದೇ ನಾಲ್ಕು ಹಂತದ ಅಳತೆ ಮಾಡಿದೆ. ಅದರಲ್ಲಿ ಮಗನಂಥವರಿಗೆ ಸಂಭಾವ್ಯ ಕಾರ್ಮಿಕ ಬಲ ಅನ್ನುವ ಹೆಸರು. ಅಂಕಿ ಇದೆ, ಪ್ರತಿ ಸಲ ಪ್ರಕಟವಾಗುತ್ತದೆ. ಓದುವವರು ಕಡಿಮೆ, ಅದು ನನಗೆ ಬೇಸರ.

ಇಷ್ಟನ್ನೆಲ್ಲ ಎಷ್ಟು ಮನೆಗಳಿಗೆ ಹೋಗಿ ಕೇಳುತ್ತಾರೆ? ಅಮೆರಿಕದ ಸಮೀಕ್ಷೆ ತಿಂಗಳಿಗೆ ಸುಮಾರು 60,000 ಮನೆಗಳನ್ನು ಆರಿಸುತ್ತದೆ. ಮೂವತ್ತು ಕೋಟಿಗೂ ಜಾಸ್ತಿ ಜನ ಇರುವ ದೇಶಕ್ಕೆ ಇಷ್ಟು ಸಾಕಾ ಅಂತ ಅನಿಸುವುದು ಸಹಜ. ಸಾಕು, ಆದರೆ ಆಯ್ಕೆ ಸರಿಯಾಗಿರಬೇಕು. ಅಂದಾಜು ಎಷ್ಟು ನಿಖರ ಅನ್ನುವುದು ಮುಖ್ಯವಾಗಿ ಎಷ್ಟು ಮನೆ ಕೇಳಿದಿರಿ ಅನ್ನುವುದರ ಮೇಲೆ ನಿಂತಿದೆ, ದೇಶ ಎಷ್ಟು ದೊಡ್ಡದು ಅನ್ನುವುದರ ಮೇಲೆ ಅಲ್ಲ. ತಿಂಗಳ 12ನೇ ತಾರೀಕು ಬರುವ ವಾರವನ್ನು ಸಾಮಾನ್ಯವಾಗಿ ಲೆಕ್ಕದ ವಾರ ಅಂತ ಇಟ್ಟುಕೊಳ್ಳುತ್ತಾರೆ. ಒಂದು ಮನೆಯನ್ನು ನಾಲ್ಕು ತಿಂಗಳು ಸತತ ಕೇಳುತ್ತಾರೆ, ಎಂಟು ತಿಂಗಳು ಬಿಡುತ್ತಾರೆ, ಮತ್ತೆ ನಾಲ್ಕು ತಿಂಗಳು ಕೇಳುತ್ತಾರೆ. ಹೀಗೆ ಮಾಡುವುದರಿಂದ ಈ ತಿಂಗಳು ಕೇಳಿದ ಮನೆಗಳಲ್ಲಿ ಮುಕ್ಕಾಲು ಪಾಲು ಹೋದ ತಿಂಗಳು ಕೇಳಿದ ಮನೆಗಳೇ ಆಗಿರುತ್ತವೆ, ಅರ್ಧ ಪಾಲು ಹೋದ ವರ್ಷ ಇದೇ ತಿಂಗಳು ಕೇಳಿದ್ದವು. ಮನೆಗಳೇ ಪೂರ್ತಿ ಬದಲಾಗಿಬಿಟ್ಟರೆ, ಬದಲಾದದ್ದು ದೇಶವೋ ಮನೆಗಳೋ ಅಂತ ಗೊತ್ತಾಗುವುದಿಲ್ಲ, ಅದಕ್ಕೆ.

ಒಂದು ಮಾತು ನೆನಪಿಡಿ, ನಿರುದ್ಯೋಗ ಭತ್ಯೆ ತೆಗೆದುಕೊಳ್ಳುವವರ ಪಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಭತ್ಯೆ ಬರದವರೂ ನಿರುದ್ಯೋಗಿ ಆಗಬಹುದು. ಕಂಪನಿಗಳ ಸಂಬಳ ಪಟ್ಟಿಯಿಂದ ತೆಗೆಯುವ ಲೆಕ್ಕವೂ ಬೇರೆ. ಎರಡು ಕಡೆ ಕೆಲಸ ಮಾಡುವವಳು ಸಂಬಳ ಪಟ್ಟಿಯಲ್ಲಿ ಎರಡು ಸಲ ಬರುತ್ತಾಳೆ, ಮನೆ ಸಮೀಕ್ಷೆಯಲ್ಲಿ ಒಂದೇ ಸಲ. ಎರಡು ವರದಿ ಕೆಲವು ತಿಂಗಳು ಎರಡು ದಿಕ್ಕಿಗೆ ಹೋಗಲು ಇದೂ ಒಂದು ಕಾರಣ.

ನಿಯಮ ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ಒಬ್ಬ ಮನುಷ್ಯ ಇನ್ನೊಬ್ಬರ ಉತ್ತರ ಕೇಳಿ ಒಂದು ಗುಂಡಿ ಒತ್ತಬೇಕು. 2020ರ ಏಪ್ರಿಲ್‌ನಲ್ಲಿ ಇದು ಬಯಲಾಯಿತು. ಕೊರೊನಾದಿಂದ ಅಮೆರಿಕದಲ್ಲಿ ಅಂಗಡಿ ಆಫೀಸುಗಳೆಲ್ಲ ಮುಚ್ಚಿದ್ದವು. ಮನೆಗೆ ಕಳಿಸಲ್ಪಟ್ಟವರನ್ನು ತಾತ್ಕಾಲಿಕವಾಗಿ ಕೆಲಸ ಕಳೆದುಕೊಂಡವರು ಅಂತ ಬರೆಯಬೇಕಿತ್ತು, ಅಂಥವರು ಹುಡುಕದಿದ್ದರೂ ಅಲ್ಲಿ ನಿರುದ್ಯೋಗಿಗಳೇ. ಆದರೆ ಬಹಳ ಜನರನ್ನು ಕೆಲಸ ಇದೆ, ಬೇರೆ ಕಾರಣಕ್ಕೆ ಬಂದಿಲ್ಲ ಅಂತ ಬರೆದುಕೊಂಡರು. ನಮ್ಮ ಉದಾಹರಣೆಯ ಸೊಸೆಯ ಹಾಗೆ, ರಜೆಯಲ್ಲಿ ಇದ್ದಾರೆ ಅನ್ನುವ ಹಾಗೆ. ಆ ತಿಂಗಳ ದರ ಶೇ 14.7 ಅಂತ ಪ್ರಕಟವಾಯಿತು. ಈ ತಪ್ಪು ಸರಿಪಡಿಸಿದ್ದರೆ ಸುಮಾರು ಐದು ಅಂಶ ಜಾಸ್ತಿ ಇರುತ್ತಿತ್ತು ಅಂತ ಇಲಾಖೆಯೇ ತನ್ನ ವರದಿಯಲ್ಲಿ ಹೇಳಿತು. ಬರೆದುಕೊಂಡ ಉತ್ತರವನ್ನು ಆಮೇಲೆ ತಿದ್ದುವುದಿಲ್ಲ ಅನ್ನುವುದು ಅವರ ನಿಯಮ, ಹಾಗಾಗಿ ಅಂಕಿ ಹಾಗೇ ಉಳಿಸಿದರು, ತಪ್ಪನ್ನು ಮಾತ್ರ ಮುಚ್ಚಿಡಲಿಲ್ಲ. ಇದಕ್ಕೆ ನನಗೆ ಗೌರವ ಇದೆ.

ಇನ್ನು ಅಮ್ಮನ ವಿಷಯ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು.

ಎಣಿಕೆಯಲ್ಲಿ ಜಾಸ್ತಿ ತಪ್ಪಿಹೋದವರು ಹೆಂಗಸರು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಇನ್ನೂರು ವರ್ಷಗಳ ದಾಖಲೆಗಳನ್ನು ಕೆದಕಿ ಇದನ್ನು ತೋರಿಸಿದರು. ಹಳೆಯ ದಾಖಲೆಗಳಲ್ಲಿ ಮದುವೆಯಾದ ಹೆಂಗಸಿನ ಕಸುಬಿನ ಜಾಗದಲ್ಲಿ ಎಷ್ಟೋ ಸಲ ಹೆಂಡತಿ ಅಂತ ಬರೆದಿರುತ್ತಿತ್ತು. ಅವಳು ಗಂಡನ ಜೊತೆ ಹೊಲದಲ್ಲೋ ಮನೆಯ ವ್ಯಾಪಾರದಲ್ಲೋ ಮನೆಯಲ್ಲೇ ನಡೆಯುವ ನೇಯ್ಗೆಯಲ್ಲೋ ದಿನವಿಡೀ ದುಡಿಯುತ್ತಿದ್ದರೂ ಅಷ್ಟೆ. ಗೋಲ್ಡಿನ್ ತಿದ್ದಿ ಲೆಕ್ಕ ಹಾಕಿದಾಗ, 1890ರ ದಶಕದ ಕೊನೆಯಲ್ಲಿ ದುಡಿಯುತ್ತಿದ್ದ ಮದುವೆಯಾದ ಹೆಂಗಸರ ಪಾಲು ಜನಗಣತಿ ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು ಬಂತು. ಹೆಂಗಸರ ದುಡಿಮೆ ಯಾವಾಗಲೂ ಏರುತ್ತಲೇ ಬಂದಿದೆ ಅಂತ ಎಲ್ಲರೂ ನಂಬಿದ್ದರು. ನಿಜವಾದ ಚಿತ್ರ ಮೊದಲು ಇಳಿದು ಆಮೇಲೆ ಏರುವ ಬಟ್ಟಲಿನ ಆಕಾರದ್ದು. ತಪ್ಪು ಎಣಿಕೆಯಿಂದ ಒಂದು ಅಂಕಿ ಮಾತ್ರ ಕೆಡಲಿಲ್ಲ, ಚರಿತ್ರೆಯೇ ತಲೆಕೆಳಗಾಗಿತ್ತು.

ಇದು ನೂರು ವರ್ಷದ ಹಿಂದಿನ ಕಥೆ ಮಾತ್ರ ಅಂದುಕೊಳ್ಳಬೇಡಿ. 1994ರವರೆಗೂ ಅಮೆರಿಕದ ಸಮೀಕ್ಷೆಯ ಮೊದಲ ಪ್ರಶ್ನೆ ಹೀಗಿತ್ತು: ಕಳೆದ ವಾರ ಹೆಚ್ಚಿನ ಸಮಯ ಏನು ಮಾಡುತ್ತಿದ್ದಿರಿ? ಕೇಳುವವರು ಎದುರಿಗೆ ಇರುವವರನ್ನು ನೋಡಿ ಪ್ರಶ್ನೆ ಹೊಂದಿಸಿಕೊಳ್ಳುತ್ತಿದ್ದರು. ಗಂಡಸಾದರೆ ಕೆಲಸ ಮಾಡುತ್ತಿದ್ದಿರಾ ಅಂತ, ಗೃಹಿಣಿಯ ಹಾಗೆ ಕಂಡರೆ ಮನೆ ನೋಡಿಕೊಳ್ಳುತ್ತಿದ್ದಿರಾ ಅಂತ. ಪ್ರಶ್ನೆಯೇ ಉತ್ತರವನ್ನು ಕೈಗೆ ಕೊಟ್ಟ ಹಾಗೆ ಅಲ್ವಾ? 1994ರಲ್ಲಿ ಇದನ್ನು ಬದಲಾಯಿಸಿ, ಮನೆಯವರಿಗೆ ಸ್ವಂತ ವ್ಯಾಪಾರವೋ ಹೊಲವೋ ಇದೆಯಾ ಅಂತ ಮೊದಲು ಕೇಳಿ, ಆಮೇಲೆ ಸಂಬಳಕ್ಕೋ ಲಾಭಕ್ಕೋ ಏನಾದರೂ ಕೆಲಸ ಮಾಡಿದಿರಾ ಅಂತ ಎಲ್ಲರಿಗೂ ಒಂದೇ ಥರ ಕೇಳತೊಡಗಿದರು.

2013ರ ನಿರ್ಣಯದ ಹತ್ತಿರ ಬರುತ್ತೇನೆ ಅಂದಿದ್ದೆ. ಅದು ಕೆಲಸ ಮತ್ತು ಉದ್ಯೋಗ ಎರಡನ್ನೂ ಬಿಡಿಸಿಟ್ಟಿತು. ಕೆಲಸ ಅಂದರೆ ಸ್ವಂತ ಬಳಕೆಗೋ ಇನ್ನೊಬ್ಬರಿಗೋ ಏನನ್ನಾದರೂ ಮಾಡುವುದು, ಬೆಳೆಯುವುದು, ಸೇವೆ ಕೊಡುವುದು. ಅಡುಗೆ, ಮಕ್ಕಳ ಆರೈಕೆ, ನೀರು ತರುವುದು, ಎಲ್ಲವೂ ಕೆಲಸ. ಅಮ್ಮ ಕೆಲಸ ಮಾಡುತ್ತಾರೆ ಅಂತ ಅಂಕಿಅಂಶದ ಪ್ರಪಂಚ ಮೊದಲ ಸಲ ಅಧಿಕೃತವಾಗಿ ಒಪ್ಪಿಕೊಂಡಿತು. ಉದ್ಯೋಗ ಅಂದರೆ ಅದರಲ್ಲಿ ಒಂದು ಭಾಗ ಮಾತ್ರ, ಸಂಬಳಕ್ಕೋ ಲಾಭಕ್ಕೋ ಮಾಡುವ ಕೆಲಸ. ಕಾರ್ಮಿಕ ಬಲ ಲೆಕ್ಕ ಹಾಕುವುದು ಈ ಭಾಗದಿಂದ.

ಇದರಿಂದ ಒಂದು ವಿಚಿತ್ರವೂ ಆಯಿತು. ಹಳೆಯ ನಿಯಮದಲ್ಲಿ ಮನೆಯವರ ಊಟಕ್ಕೆ ಅಂತಲೇ ಬೆಳೆಯುವ ರೈತರು ಉದ್ಯೋಗಿಗಳಾಗಿದ್ದರು. ಹೊಸ ನಿಯಮದಲ್ಲಿ ಹಾಗಲ್ಲ, ಬೆಳೆದದ್ದರಲ್ಲಿ ಹೆಚ್ಚು ಭಾಗ ಮಾರುವುದಕ್ಕೋ ಮನೆ ಬಳಕೆಗೋ ಅಂತ ಕೇಳಬೇಕು. ಮಾರುವುದಕ್ಕೆ ಅಂದರೆ ಉದ್ಯೋಗಿ, ಮನೆಗೆ ಅಂದರೆ ಅಲ್ಲ. ಅದೇ ಹೊಲ, ಅದೇ ಬಿಸಿಲು, ಅದೇ ಹತ್ತು ಗಂಟೆ ದುಡಿಮೆ. ಸ್ವಂತ ಬಳಕೆಗೆ ಬೆಳೆಯುವವರು ಜಾಸ್ತಿ ಇರುವ ದೇಶ ಹೊಸ ನಿಯಮಕ್ಕೆ ಬದಲಾದರೆ ಅದರ ಕಾರ್ಮಿಕ ಬಲ ಕಾಗದದ ಮೇಲೆ ಕುಗ್ಗುತ್ತದೆ, ನೆಲದ ಮೇಲೆ ಏನೂ ಬದಲಾಗದೆ. ಎರಡು ದೇಶ ಹೋಲಿಸುವ ಮೊದಲು ಯಾರು ಯಾವ ನಿಯಮದಲ್ಲಿ ಇದ್ದಾರೆ ಅಂತ ನೋಡಲೇಬೇಕು.

ಭಾರತದ ಲೆಕ್ಕದಲ್ಲಿ ಇನ್ನೂ ಒಂದು ಪದರ ಇದೆ. ನಿರುದ್ಯೋಗವನ್ನು ಅಂದಾಜು ಮಾಡುವುದು ಹೇಗೆ ಅಂತ ನೋಡಲು ನೇಮಿಸಿದ್ದ ದಾಂತವಾಲಾ ತಜ್ಞರ ಸಮಿತಿಯ 1970ರ ವರದಿಯ ನಂತರ ಇಲ್ಲಿ ಒಂದಕ್ಕಿಂತ ಹೆಚ್ಚು ಅಳತೆಗೋಲು ಬಳಕೆಗೆ ಬಂದವು. ಕಳೆದ ಒಂದು ವರ್ಷದಲ್ಲಿ ಸಾಮಾನ್ಯವಾಗಿ ಏನು ಮಾಡುತ್ತಿದ್ದಿರಿ ಅನ್ನುವುದು ಒಂದು, ಕಳೆದ ಏಳು ದಿನ ಏನು ಮಾಡಿದಿರಿ ಅನ್ನುವುದು ಇನ್ನೊಂದು. ಕೆಲಸ ಋತುವಿಗೆ ತಕ್ಕ ಹಾಗೆ ಬಂದು ಹೋಗುವ ಕಡೆ ಎರಡೂ ಬೇಕು. 2017-18ರ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ಮೊದಲ ಅಳತೆಯ ನಿರುದ್ಯೋಗ ಶೇ 6ರ ಆಸುಪಾಸು, ಎರಡನೆಯದು ಶೇ 9ರ ಆಸುಪಾಸು. ಎರಡೂ ಸರಿ. ಇಬ್ಬರು ಎರಡು ಅಂಕಿ ಹಿಡಿದು ಜಗಳ ಆಡುತ್ತಿದ್ದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಹಾಗೆಯೇ 15 ದಾಟಿದ ಹೆಂಗಸರ ಭಾಗವಹಿಸುವಿಕೆ 2017-18ರಲ್ಲಿ ಶೇ 23.3 ಇದ್ದದ್ದು 2023-24ರಲ್ಲಿ ಶೇ 41.7 ಆಯಿತು. ಈ ಏರಿಕೆಯಲ್ಲಿ ದೊಡ್ಡ ಪಾಲು ಸ್ವಂತ ಉದ್ಯೋಗದ್ದು, ಅದರೊಳಗೆ ಮನೆಯ ಹೊಲದಲ್ಲೋ ವ್ಯಾಪಾರದಲ್ಲೋ ಸಂಬಳವಿಲ್ಲದೆ ದುಡಿಯುವವರೂ ಇದ್ದಾರೆ. ಅವರು ದುಡಿಯುವುದು ನಿಜ, ಎಣಿಸಬೇಕಾದದ್ದೂ ಸರಿ. ಅವರ ಕೈಗೆ ದುಡ್ಡು ಬರುತ್ತಿದೆಯಾ ಅನ್ನುವ ಪ್ರಶ್ನೆಗೆ ಮಾತ್ರ ಈ ದರದಲ್ಲಿ ಉತ್ತರ ಇಲ್ಲ, ಅದಕ್ಕೆ ಆದಾಯದ ಅಂಕಿ ತೆರೆಯಬೇಕು.

ಮತ್ತೆ ಆ ಐದು ಜನರ ಮನೆಗೆ. ಸಮೀಕ್ಷೆಯವರು ಬಂದಾಗ ಬಾಗಿಲು ತೆಗೆದದ್ದು ಅಪ್ಪ. ಎಲ್ಲರ ಪರವಾಗಿ ಅವರೇ ಉತ್ತರ ಕೊಟ್ಟರು, ಬಹಳ ಮನೆಗಳಲ್ಲಿ ಹೀಗೇ ಆಗುವುದು. ನಿಮ್ಮ ಹೆಂಡತಿ? "ಅವಳು ಮನೆಯಲ್ಲೇ ಇರ್ತಾಳೆ, ಏನೂ ಕೆಲಸಕ್ಕೆ ಹೋಗಲ್ಲ." ಕೇಳುವವರು ಅದನ್ನೇ ಬರೆದುಕೊಂಡು ಹೋಗಬಹುದಿತ್ತು. ಬದಲಿಗೆ ಅಮ್ಮನನ್ನೇ ಕರೆದು ಕೇಳಿದರು ಅಂದುಕೊಳ್ಳಿ. ಅಮ್ಮನೂ ಮೊದಲು ಏನೂ ಇಲ್ಲ ಅಂದರು. ಮಾರುವುದಕ್ಕೆ ಏನಾದರೂ ಮಾಡಿದ್ರಾ, ಯಾರಿಗಾದರೂ ದುಡ್ಡಿಗೆ ಏನಾದರೂ ಮಾಡಿಕೊಟ್ರಾ, ಒಂದು ಗಂಟೆ ಆದರೂ ಸರಿ, ಅಂತ ಬಿಡಿಸಿ ಬಿಡಿಸಿ ಕೇಳಿದಾಗ ಸ್ವಲ್ಪ ಯೋಚಿಸಿ ಹೇಳಿದರು: ಪಕ್ಕದ ಮನೆಯವರ ಬಟ್ಟೆ ಹೊಲಿದುಕೊಟ್ಟೆ, ಬುಧವಾರ, ಮಧ್ಯಾಹ್ನ ಮೂರು ಗಂಟೆ ಹಿಡೀತು, ದುಡ್ಡು ಕೊಟ್ಟರು.

ಅಷ್ಟೆ, ಅಮ್ಮ ಉದ್ಯೋಗಿ. ಮನೆಯ ಕಾರ್ಮಿಕ ಬಲ ಎರಡರಿಂದ ಮೂರಾಯಿತು, ಭಾಗವಹಿಸುವಿಕೆ ದರ ಶೇ 40ರಿಂದ ಶೇ 60ಕ್ಕೆ ಏರಿತು.